ಸ್ನೇರ್ ಸರಿಹೋದ ದಿನ

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ನಾನಂತೂ ಆಡಿದ್ದು ಮೈಕಿನಲ್ಲಿ. ಶ್ರೀನಿವಾಸಪುರದ ಒಂದು ಆರತಕ್ಷತೆಯಲ್ಲಿ ನಮ್ಮ ಆರ್ಕೆಸ್ಟ್ರಾದ ಹಳೇ ಡ್ರಮ್ ಮಿಷಿನ್ ಹಾಡಿನ ನಡುವೆಯೇ ನಿಂತುಹೋಯಿತು. ಹದಿನೈದು ವರ್ಷದಿಂದ ಅದನ್ನು ನುಡಿಸುತ್ತಿದ್ದ ಗೆಳೆಯ ಗುಂಡಿಗಳನ್ನು ಒತ್ತುತ್ತ ಒದ್ದಾಡುತ್ತಿದ್ದ. ಕೀಬೋರ್ಡ್ ಮುಂದಿದ್ದ ನನಗೆ ಮೂಗಿನ ತುದಿಯಲ್ಲೇ ಕೋಪ. "ಮಿಷಿನ್ ಜೊತೆ ನೀನೂ ಕೆಟ್ಟೋದೇನ್ಲಾ?" ಅಂದೆ. ಇಡೀ ಛತ್ರ ನಕ್ಕಿತು. ಅವನು ಮಿಷಿನ್ನನ್ನು ಅಲ್ಲೇ ಬಿಟ್ಟು ಮುಳಬಾಗಿಲ ಬಸ್ಸು ಹತ್ತಿದ.

ಎರಡು ವರ್ಷ ಅವನೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಅವನಿಲ್ಲದ ಸ್ಟೇಜಿನಲ್ಲಿ, ಅವನು ನಿಲ್ಲುತ್ತಿದ್ದ ಎಡಗಡೆ ತಿರುಗಲು ನನಗೆ ಭಯವಾಗುತ್ತಿತ್ತು. ಮಿಷಿನ್ ರಿಪೇರಿಯಾಗಲಿಲ್ಲ, ನಾನಿರುವ ಮಾಲೂರಿನ ಇಟ್ಟಿಗೆ ಗೂಡುಗಳ ಧೂಳು ಅದರ ಹೊಟ್ಟೆ ಸೇರಿತ್ತು. ಅದೇ ಸದ್ದನ್ನು ಲ್ಯಾಪ್‌ಟಾಪಿನಲ್ಲಿ ಹುಟ್ಟಿಸಿಕೊಂಡು ಹೋದರೆ ಅವನು ವಾಪಸ್ ಬರುತ್ತಾನೆ ಅಂದುಕೊಂಡೆ. ಕ್ಷಮೆ ಕೇಳುವುದಕ್ಕಿಂತ ಅದು ಸುಲಭವಾಗಿ ಕಂಡಿತು.

ಮಿಷಿನ್ನಿನ ಉಳಿದ ಸದ್ದುಗಳೆಲ್ಲ ಬೇಗ ಬಂದವು. ಸತಾಯಿಸಿದ್ದು ಸ್ನೇರ್, ತಾಳದ ನಡುವೆ ಬೀಳುವ ಆ ಗರಿಗರಿ ಏಟು. ಮೊದಲು ಒಂದು ದಪ್ಪ ಸ್ವರ, ಹುಟ್ಟಿದ ಕೂಡಲೇ ಅದರ ಶ್ರುತಿ ಇಳಿಯಬೇಕು. ಅದರ ಮೇಲೆ, ಸ್ಟೇಷನ್ ಸಿಗದ ರೇಡಿಯೋದಂಥ ಒಂದು 'ಶ್'. ಆ 'ಶ್' ಉದ್ದವಾದರೆ ಒಗ್ಗರಣೆ, ಗಿಡ್ಡವಾದರೆ ಚಪ್ಪಲಿ ಏಟು. ಭಾನುವಾರಗಳೆಲ್ಲ ಒಬ್ಬನೇ ಕೂತು ಕತ್ತರಿಸಿದೆ. ಬೆಂಗಳೂರಿನ ರೈಲು ಬಂದಾಗ ಕಿಟಕಿ ಅದುರುತ್ತಿತ್ತು, ಅದು ಹೋಗುವವರೆಗೆ ಕಾಯುತ್ತಿದ್ದೆ.

"ಏನ್ ಸಾರ್, ಪ್ರತಿ ಭಾನುವಾರ ಗೋಡೆಗೆ ಮೊಳೆ ಹೊಡೀತೀರಲ್ಲ, ಫೋಟೋ ಎಷ್ಟವೆ?" ಎಂದು ಪಕ್ಕದ ಮನೆಯಾಕೆ ಕೇಳಿದರು. ಆ ವಾರ ನನ್ನನ್ನು ಮಾತನಾಡಿಸಿದ್ದು ಅವರೊಬ್ಬರೇ.

ಹಿಂದೊಮ್ಮೆ ಕುರುಡುಮಲೆಯಲ್ಲಿ ಗಣೇಶನ ಹಬ್ಬಕ್ಕೆ ಅವನು ನುಡಿಸಿದ್ದು ಫೋನಿನಲ್ಲಿ ಉಳಿದಿತ್ತು. ಅದನ್ನು ಪಕ್ಕದಲ್ಲಿಟ್ಟು ಕೇಳಿದಾಗ ಗುಟ್ಟು ಗೊತ್ತಾಯಿತು. ಸ್ನೇರ್ ಗುಂಡಿ ಸಡಿಲವಾಗಿತ್ತು; ಅವನ ಹೆಬ್ಬೆರಳು ಪ್ರತಿ ಸಲ ಕೂದಲೆಳೆಯಷ್ಟು ತಡ. ಆ ತಡವನ್ನೂ ಅಳೆದು ಸೇರಿಸಿದೆ. ಸದ್ದು ಥೇಟ್ ಅದೇ ಆಯಿತು. ಖುಷಿಗೆ ಕಣ್ಣಲ್ಲಿ ನೀರು ಬಂತು.

ಮುಳಬಾಗಿಲಿನ ಅವನ ಮನೆಗೆ ಮಾರನೇ ಬೆಳಿಗ್ಗೆಯೇ ಹೋದೆ. "ಏಮ್ರಾ, ದಾರಿ ತಪ್ಪಿ ಬಂದ್ಯಾ?" ಅಂದ ಎಂದಿನಂತೆ ತೆಲುಗು ಬೆರೆಸಿ, ಕುರ್ಚಿ ಹಾಕಿದ. ಲ್ಯಾಪ್‌ಟಾಪ್ ತೆರೆದು ಇಯರ್‌ಫೋನ್ ಕೊಟ್ಟೆ. ಕಣ್ಣು ಮುಚ್ಚಿ ಕೇಳಿದ. ಹೆಬ್ಬೆರಳು ತೊಡೆಯ ಮೇಲೆ ಆಡುತ್ತಿತ್ತು.

"ಅದೇ ಕಣೋ," ಅಂದ. "ನಾನು ತಡ ಮಾಡ್ತಿದ್ದಿದ್ದೂ ಬಂದೈತೆ."

"ಹಂಗಾದ್ರೆ ಬಾರೋ. ಮುಂದಿನ ತಿಂಗಳು ಮಾಸ್ತೀಲಿ ಪ್ರೋಗ್ರಾಮ್ ಐತೆ."

ಅವನು ಇಯರ್‌ಫೋನ್ ವೈರನ್ನು ನೀಟಾಗಿ ಸುತ್ತಿ ನನ್ನ ಕೈಗಿಟ್ಟ. "ನಾನ್ ಬಂದು ಏನ್ಮಾಡ್ಲೋ? ನಾನ್ ಮಾಡೋದೆಲ್ಲಾ ಅದೇ ಮಾಡ್ತೈತಲ್ಲ." ಕೋಪವಿರಲಿಲ್ಲ ದನಿಯಲ್ಲಿ. "ಕೂತಿರು, ಕಾಫಿ ತರ್ತೀನಿ."

"ತಪ್ಪಾಯ್ತು ಕಣೋ," ಅಂದೆ. ಅಷ್ಟರಲ್ಲಿ ಅವನು ಒಳಗೆ ಹೋಗಿಯಾಗಿತ್ತು.