ಲಿಫ್ಟ್ ನಿಲ್ಲಿಸಿದ ಅತ್ತಿಗೆ

"ಅಮ್ಮಾ, ಅತ್ತೆ ದಿನಾ ಲಿಫ್ಟನ್ನ ಯಾಕೆ ಬೈತಾರೆ? ಅದು ಅವರಿಗೇನು ಮಾಡ್ತು?"

ತಲೆ ಬಾಚಿಸಿಕೊಳ್ಳುತ್ತ ಮಗಳು ಕೇಳಿದಳು. ಶಾಲೆಯ ವ್ಯಾನು ಬರುವ ಹೊತ್ತು. "ಅಲುಗಾಡಬೇಡ" ಎಂದು ತಾಯಿ ಮಾತು ಹಾರಿಸಿದಳು. ಉತ್ತರ ಹೇಳಹೊರಟರೆ ಅವಳ ಅತ್ತಿಗೆಯ ಜಾತಕವನ್ನೇ ಬಿಚ್ಚಬೇಕಿತ್ತು.

ಅತ್ತಿಗೆ ಎಂದರೆ ಗಂಡನ ಅಕ್ಕ. ಮದುವೆಯಾಗದೆ ತಮ್ಮನ ಮನೆಯಲ್ಲೇ ಇದ್ದವರು. ಅಯಸ್ಕಾಂತಗಳ ಪ್ರಯೋಗಾಲಯದಲ್ಲಿ ಕೆಲಸ. ಗಾಜಿನ ಬಿಲ್ಲೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಲೋಹ ಬಳಿಯುತ್ತಾರೆ. ಅದರ ಒಂದೊಂದು ಪರಮಾಣುವೂ ಒಂದು ಪುಟ್ಟ ದಿಕ್ಸೂಚಿ. ಎಲ್ಲವೂ ತಲೆಯೆತ್ತಿ ಸಾಲಾಗಿ ನಿಂತಿರುವಾಗ ಅಲ್ಲಲ್ಲಿ ಕೆಲವು ದುಂಡಗೆ ಗುಂಪುಗಟ್ಟಿ, ಅಂಚಿನಿಂದ ಒಳಕ್ಕೆ ಮೆಲ್ಲಗೆ ಹೊರಳುತ್ತ ಬಂದು, ನಡುವಿನದು ಪೂರ್ತಿ ತಲೆಕೆಳಗಾಗುತ್ತದೆ. ಪುಸ್ತಕದಲ್ಲಿ ಅದು ಸ್ಕಿರ್ಮಿಯಾನ್. ಅತ್ತಿಗೆಯ ಬಾಯಲ್ಲಿ ಸುಳಿ.

"ಇವಳ ನೆತ್ತಿ ನೋಡು" ಎಂದು ಒಮ್ಮೆ ಮಗುವಿನ ತಲೆ ಬಗ್ಗಿಸಿ ತೋರಿಸಿದ್ದರು. "ಎಷ್ಟು ಬಾಚಿದ್ರೂ ಸುಳಿ ಆ ಕಡೆ ಈ ಕಡೆ ಸರಿಯತ್ತೆ, ಹೋಗತ್ತಾ? ಹೋಗ್ಬೇಕಂದ್ರೆ ಕೂದಲು ಕೀಳಬೇಕು. ನನ್ನ ಸುಳಿಗಳೂ ಅಷ್ಟೇ ಹಠಮಾರಿ. ಕಂಪ್ಯೂಟರಿಗೆ ಸುಳಿ ಇದ್ರೆ ಒಂದು, ಇಲ್ದಿದ್ರೆ ಸೊನ್ನೆ. ಅದರಲ್ಲೇ ಏನು ಬೇಕಾದ್ರೂ ಬರೆದಿಡಬಹುದು."

ಆದರೆ ಹಠಮಾರಿ ಸುಳಿಗಳು ಕೈಕೊಟ್ಟಿದ್ದವು. ಬೆಳಿಗ್ಗೆ ಕಂಡವು ಮಧ್ಯಾಹ್ನಕ್ಕೆ ನಾಪತ್ತೆ. ತಿಂಗಳ ಕೊನೆಗೆ ಪರೀಕ್ಷಕರು ಬಂದಾಗ ಅವು ಇದ್ದಲ್ಲೇ ನಿಂತಿರಬೇಕು, ಇಲ್ಲವಾದರೆ ಕೋಣೆ ಬೇರೆಯವರಿಗೆ, ಕೆಲಸ ಅಲ್ಲಿಗೆ ಮುಗಿಯಿತು ಎಂದು ಮೇಲಿನವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಆಯುಷ್ಯದ ಅರ್ಧ ಅದಕ್ಕೇ ಸುರಿದವರಿಗೆ ನಿದ್ದೆ ಎಲ್ಲಿಂದ ಬರಬೇಕು? ಅವರಿಗೆ ಬರಲಿಲ್ಲ, ಮನೆಯವರಿಗೂ ಬರಗೊಡಲಿಲ್ಲ. ಹೊರಗಿನ ಯಾವುದೋ ಅಯಸ್ಕಾಂತವೇ ಸುಳಿಗಳನ್ನು ಅಳಿಸುತ್ತಿದೆ ಎಂಬ ಗುಮಾನಿ ಅವರಿಗೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಚಿಟ್ಟೆ, ಹಣ್ಣುಗಳ ಮ್ಯಾಗ್ನೆಟ್ಟುಗಳೆಲ್ಲ ಮಾಯವಾದವು. ಮಗಳ ಆಟದ ರೈಲು ಅಟ್ಟ ಸೇರಿತು. ಒಂದು ದಿನ ತಾಯಿಯ ಪರ್ಸೇ ಕಾಣೆಯಾಯಿತು.

"ಅತ್ತಿಗೆ, ನನ್ನ ಪರ್ಸು?"

"ಅದರ ಗುಂಡಿ ಮ್ಯಾಗ್ನೆಟ್ಟಿಂದು ಕಣೇ. ಅದನ್ನ ಮುಟ್ಟಿದ ಕೈಲೇ ನನ್ನ ಊಟದ ಡಬ್ಬಿ ಕಟ್ತೀಯ."

"ಮ್ಯಾಗ್ನೆಟ್ಟೇನು ಶಾಯಿನಾ, ಕೈಗೆ ಅಂಟ್ಕೊಳ್ಳೋಕೆ?"

"ಅಂಟಲ್ಲ, ನಂಗೂ ಗೊತ್ತು" ಎಂದರು ಅತ್ತಿಗೆ. ಪರ್ಸನ್ನು ಮಾತ್ರ ಕೊಡಲಿಲ್ಲ.

ಕೊನೆಗೆ ಕಣ್ಣು ಬಿದ್ದದ್ದು ಪ್ರಯೋಗಾಲಯದ ಲಿಫ್ಟಿನ ಮೇಲೆ. ಅಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ ಅವರ ಕೋಣೆಯ ಗೋಡೆಗೆ ಅಂಟಿಕೊಂಡೇ ಓಡಾಡುತ್ತಿತ್ತು. ಕಚೇರಿಯವರ ಜೀವ ತಿಂದು ಅದನ್ನು ನಿಲ್ಲಿಸಿಯೇ ಬಿಟ್ಟರು.

ಆ ದಿನ, ಲಿಫ್ಟಿನ ಪ್ರಶ್ನೆ ಕೇಳಿದ ಮಗಳನ್ನು ವ್ಯಾನು ಹತ್ತಿಸಿ ತಾಯಿ ಒಳಗೆ ಬಂದರೆ, ಅತ್ತಿಗೆಯ ಡಬ್ಬಿ ಮೇಜಿನ ಮೇಲೇ ಕೂತಿತ್ತು. ಗೊಣಗುತ್ತಲೇ ಹೊರಟಳು. ಪ್ರಯೋಗಾಲಯದ ಮೆಟ್ಟಿಲು ಹತ್ತುತ್ತ ಅರ್ಧಕ್ಕೆ ಬಂದಾಗ, ಮೇಲಂತಸ್ತಿನ ಗುಮಾಸ್ತರು ಮಂಡಿ ಹಿಡಿದು ಮೆಟ್ಟಿಲ ಮೇಲೇ ಕೂತಿದ್ದರು.

"ಏನಮ್ಮಾ, ನಿಮ್ಮ ಅತ್ತಿಗೆಯವರ ಸುಳಿಗಳು ಕ್ಷೇಮವಾ? ನನ್ನ ಮಂಡಿಯಂತೂ ಕ್ಷೇಮವಾಗಿಲ್ಲ. ಹಾಗಂತ ತಿಳಿಸಿಬಿಡಿ."

ತಾಯಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಕೋಣೆಯೊಳಗೆ ಅತ್ತಿಗೆ ಕಂಪ್ಯೂಟರಿನ ಪರದೆಯೆದುರು ಕಲ್ಲಾಗಿ ಕೂತಿದ್ದರು.

"ಮತ್ತೆ ಹೋದ್ವು ಕಣೇ. ಲಿಫ್ಟ್ ನಿಂತಿದೆ, ಆದ್ರೂ ಹೋದ್ವು."

"ಹೋಗ್ಲಿ ಬಿಡಿ, ಮೊದಲು ಊಟ ಮಾಡಿ. ಗುಮಾಸ್ತರು ಮೆಟ್ಟಿಲ ಮೇಲೆ..."

ಅತ್ತಿಗೆ ಕೇಳಿಸಿಕೊಳ್ಳಲಿಲ್ಲ. ಬೆಳಗಿನಿಂದ ತೆಗೆದ ಚಿತ್ರಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಮೊದಲನೆಯದರ ತುಂಬ ಕಪ್ಪು ಚುಕ್ಕೆಗಳು, ಅವೇ ಸುಳಿಗಳು. ಆಮೇಲಿನದರಲ್ಲಿ ವಿರಳ. ಕೊನೆಯದು ಬಹುಪಾಲು ಬೋಳು. ಅಳಿದುಳಿದವು ಕಸ ಗುಡಿಸಿ ಬಾಗಿಲ ಬಳಿ ಕೂಡಿಟ್ಟ ಹಾಗೆ ಕೆಳಗಿನ ಅಂಚಿನಲ್ಲಿ. ಅತ್ತಿಗೆಯ ಬೆರಳು ಅಲ್ಲೇ ನಿಂತಿತು. ಸುಳಿಗಳನ್ನು ತಡವಿ ನೋಡುವುದು ತುದಿಗೆ ಅಯಸ್ಕಾಂತ ಬಳಿದ ಒಂದು ಸೂಜಿ. ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಸರಿಯುತ್ತದೆ. ಹೋದ ತಿಂಗಳು ಚಿತ್ರ ಇನ್ನೂ ಚೆನ್ನಾಗಿ ಬರಲಿ ಎಂದು ಅತ್ತಿಗೆಯೇ ಅಯಸ್ಕಾಂತ ಜೋರಾಗಿದ್ದ ಸೂಜಿ ಹಾಕಿದ್ದರು.

"ಅಯ್ಯೋ ನನ್ನ ಕರ್ಮವೇ! ಸುಳಿ ನೋಡೋ ಸೂಜೀನೇ ಅವನ್ನ ಗುಡಿಸ್ಕೊಂಡು ಹೋಗ್ತಿದೆ!"

"ಅಂದ್ರೆ ನನ್ನ ಪರ್ಸು..."

"ಸುಮ್ನಿರು ಒಂದ್ನಿಮಿಷ."

ಒಂದು ನಿಮಿಷ ಎಂದದ್ದು ಮಧ್ಯಾಹ್ನದವರೆಗೂ ಎಳೆಯಿತು. ಅತ್ತಿಗೆ ಸೌಮ್ಯವಾದ ಸೂಜಿ ಹಾಕಿದರು, ಹೊಸ ಬಿಲ್ಲೆ ಇಟ್ಟರು, ಸೂಜಿಯನ್ನು ಇನ್ನಷ್ಟು ಮೇಲಕ್ಕೆತ್ತಿದರು. ತಾಯಿ ಸ್ಟೂಲಿನ ಮೇಲೆ ಕೂತು, ನೆನೆಸಿಟ್ಟ ಬಟ್ಟೆಯನ್ನೂ ಆರುತ್ತಿರುವ ಡಬ್ಬಿಯನ್ನೂ ನೆನೆದು ಒಳಗೊಳಗೇ ಕುದಿದಳು. ಅತ್ತಿಗೆ ಒಮ್ಮೆ ನೋಡಿದರು, ಸುಳಿಗಳಿದ್ದವು. ಮತ್ತೆ ನೋಡಿದರು, ಇದ್ದಲ್ಲೇ ಇದ್ದವು. ಮೂರನೆಯ ಸಲವೂ ಅಷ್ಟೇ. ಅತ್ತಿಗೆಯ ಕಣ್ಣು ತುಂಬಿತು. ಅಷ್ಟು ಹೊತ್ತಿನ ಸಿಟ್ಟನ್ನು ತಾಯಿ ಎಲ್ಲಿಡಬೇಕೋ ತಿಳಿಯದೆ ತನ್ನ ಸೆರಗಿನಿಂದಲೇ ಅವರ ಮುಖ ಒರೆಸಿದಳು.

ಆಗ ಹೊರಗೆ ಮೆಟ್ಟಿಲಲ್ಲಿ ಕಾಲೆಳೆಯುವ ಸದ್ದು, ಜೊತೆಗೊಂದು ನರಳಾಟ. ಊಟಕ್ಕೆ ಇಳಿದಿದ್ದ ಗುಮಾಸ್ತರು ಮತ್ತೆ ಹತ್ತುತ್ತಿದ್ದರು. ಅತ್ತಿಗೆಯ ಮುಖ ಇಳಿದುಹೋಯಿತು.

"ಒಂದು ಉಪಕಾರ ಮಾಡ್ತೀಯಾ? ಹೊರಗೆ ಹೋಗಿ, ಲಿಫ್ಟ್ ಸರಿಹೋಯ್ತು ಅಂತ ಅವರಿಗೆ ಹೇಳ್ಬಿಡು."

"ಅದು ಕೆಟ್ಟೇ ಇರ್ಲಿಲ್ವಲ್ಲ ಅತ್ತಿಗೆ!"

ಅತ್ತಿಗೆ ಎದ್ದು ಕೋಟು ಸರಿಮಾಡಿಕೊಂಡು ಬಾಗಿಲವರೆಗೆ ಹೋಗಿ, ತಿರುಗಿ ನಿಂತರು.

"ಸರಿ, ನಾನೇ ಹೇಳ್ತೀನಿ. ಅವರು ಬೈದು ಮುಗಿಸೋವರೆಗೂ ನೀನು ನನ್ನ ಪಕ್ಕ ನಿಂತಿರು. ಅಷ್ಟು ಮಾಡು, ತಾಯೀ."