ಫಸ್ಟ್ ಕ್ಲಾಸ್ ಬಂದ ಕೂಸು

ಹೊಸಪೇಟೆಯ ಆ ಮಕ್ಕಳ ಡಾಕ್ಟರು ಯಾವ ಪ್ರಶ್ನೆಗೂ ತಾವಾಗಿ ಉತ್ತರ ಕೊಟ್ಟವರಲ್ಲ. ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿ, ಕನ್ನಡಕ ತೆಗೆದು ಒರೆಸುತ್ತ, "ನಾ ಹೇಳಂಗಿಲ್ರಿ, ಕಂಪ್ಯೂಟರ್ ಹೇಳ್ತೈತಿ" ಎನ್ನುತ್ತಿದ್ದರು. ಕನ್ನಡಕ ಮತ್ತೆ ಮೂಗಿಗೇರುವಷ್ಟರಲ್ಲಿ ನಾವು ಎದ್ದು ಹೋಗಿರಬೇಕು.

ನನ್ನ ತಂಗಿಗೆ ಏಳನೇ ತಿಂಗಳಿಗೇ ಹೆರಿಗೆಯಾಗಿ, ಕೂಸು ಗಾಜಿನ ಪೆಟ್ಟಿಗೆಯಲ್ಲಿ ಆಕ್ಸಿಜನ್ ಮೇಲಿತ್ತು. ಶ್ವಾಸಕೋಶದ ತೊಂದರೆ ಮುಂದೆಯೂ ಉಳಿದೀತೇ ಎಂದು ಕೇಳಿದ್ದಕ್ಕೆ ಪರದೆ ನಮ್ಮತ್ತ ತಿರುಗಿತು.

"ಮೂವತ್ತು ಪರ್ಸೆಂಟ್ ಅಂತೈತಿ ನೋಡ್ರಿ."

ಕಂಪ್ಲಿಯಿಂದ ಬಂದಿದ್ದ ನಮ್ಮವ್ವ ಹೊರಗೆ ಬಂದು ಕಣ್ಣೊರೆಸಿಕೊಂಡಳು. ಪಾಸಾಗಲು ಮೂವತ್ತೈದು ಬೇಕೆಂಬುದು ಅವಳಿಗೆ ಗೊತ್ತು. ನಮ್ಮನ್ನೆಲ್ಲ ಎಸ್ಸೆಸ್ಸೆಲ್ಸಿ ದಾಟಿಸಿದವಳು. ಅವಳ ಲೆಕ್ಕ ನಮಗೂ ಸರಿಯೆನಿಸಿತು.

ಮುಂದಿನ ವಾರ ಪರದೆಯ ಮೇಲೆ ಅರವತ್ತು ಬಂತು. ಅವ್ವ ವಾರ್ಡಿಗೆಲ್ಲ ಪೇಢೆ ಹಂಚಿ, ಡಾಕ್ಟರ ಕೈಗೂ ಒಂದನ್ನಿಟ್ಟಳು. "ಫಸ್ಟ್ ಕ್ಲಾಸ್ ಬಂತಲ್ರಿ ಸಾಹೇಬ್ರ, ತಿನ್ರಿ."

ಅಂದು ಅವರು ಕನ್ನಡಕ ಒರೆಸಲಿಲ್ಲ. ಪೇಢೆ ಹಿಡಿದುಕೊಂಡೇ, "ಕುಂದ್ರಿ ಅವ್ವಾರ, ಇದನ್ನ ನಾನ ಹೇಳ್ಬೇಕು" ಎಂದರು. ಅದು ರೋಗ ಉಳಿಯುವ ಸಾಧ್ಯತೆಯ ಲೆಕ್ಕವೆಂದೂ ಏರಿದಷ್ಟೂ ಕೆಟ್ಟದ್ದೆಂದೂ ಮೊದಲ ಸಲ ತಮ್ಮ ಬಾಯಿಂದಲೇ ಬಿಡಿಸಿ ಹೇಳಿದರು.

ಅವ್ವ ಪೇಢೆಯ ಡಬ್ಬಿ ಮುಚ್ಚಿ ಕೇಳಿದಳು: "ಹಂಗಾರ ನಮ್ಮ ಕೂಸು ಫೇಲಾಗ್ಲಿ ಅಂತ ಬೇಡ್ಕೋಬೇಕೇನ್ರಿ?"

ಡಾಕ್ಟರು ಕಂಪ್ಯೂಟರಿನ ಕಡೆ ನೋಡಲಿಲ್ಲ.

"ಹೌದ್ರಿ. ಸೊನ್ನೆ ಬರ್ಲಿ ಅಂತ ಬೇಡ್ಕೊಳ್ರಿ. ನಾನೂ ಬೇಡ್ಕೊಂತೀನಿ."