ವೀಣೆಯ ಗವಸಿನೊಳಗೆ ಸ್ಕೂಟರ್

ಒಂಟಿಕೊಪ್ಪಲಿನ ವೀಣೆ ಮೇಡಂ ಚೂಡಾಮಣಿಯವರಿಗೆ ಅರವತ್ತು ದಾಟಿದೆ. ಲಷ್ಕರ್ ಮೊಹಲ್ಲಾಕ್ಕೆ ಪಾಠ ಹೇಳಲು ಹೋಗುವುದು ನಿಂತುಕೊಂಡು ಓಡಿಸುವ, ಮಡಚಿಡಬಹುದಾದ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ. ಬರುವಾಗ ಚಾರ್ಜು ಮುಗಿದಿರುತ್ತದೆ, ಟ್ಯಾಕ್ಸಿಯೇ ಗತಿ. ಡ್ರೈವರುಗಳದು ಮಾತ್ರ ಒಂದೇ ರಾಗ: "ಡಿಕ್ಕೀಲಿ ಗ್ಯಾಸ್ ಸಿಲಿಂಡರ್ ಇದೆ, ಸೀಟಲ್ಲಿಟ್ರೆ ಗಲೀಜಾಗುತ್ತೆ ಕಣಮ್ಮ."

ರೇಗಿಹೋದ ಮೇಡಂ ಒಂದು ದಿನ ಮಡಚಿದ ಸ್ಕೂಟರಿಗೆ ವೀಣೆಯ ಹಳೇ ಗವಸು ತೊಡಿಸಿದರು. ಅದರ ಉದ್ದ ಕೊರಳಿಗೆ ಗವಸು ಹೊಲಿಸಿದಂತೆ ಕೂತಿತು. ಅಂದು ಬಂದ ಡ್ರೈವರ್ ಮಹಾಂತೇಶ್ ಗವಸು ಕಂಡದ್ದೇ ಚಪ್ಪಲಿ ಕಳಚಿದ. ಎರಡೂ ಕೈಯಲ್ಲಿ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ ಕೈಮುಗಿದ. ಮೇಡಂ ಮುಂದೆ ಕೂತರು. ಹಂಪ್ ಸಿಕ್ಕಾಗಲೆಲ್ಲ ಆತ ಕಾರನ್ನು ತೊಟ್ಟಿಲಿನಂತೆ ಮೆಲ್ಲಗೆ ದಾಟಿಸಿದ.

ಮನೆ ಮುಂದೆ ಇಳಿದಾಗ ಮೇಡಂಗೆ ತಡೆಯಲಾಗಲಿಲ್ಲ. ಗವಸು ಬಿಚ್ಚಿ ತೋರಿಸಿದರು. "ನಿನ್ನ ಕೈಲಿ ಸ್ಕೂಟರಿಗೆ ನಮಸ್ಕಾರ ಮಾಡಿಸ್ಬಿಟ್ಟೆ ಕಣಪ್ಪ."

ಮಹಾಂತೇಶ್ ಚಕ್ರ ನೋಡಿದ, ಮೇಡಂ ಮುಖ ನೋಡಿದ, ಜೋರಾಗಿ ನಕ್ಕ.

"ಆಯುಧಪೂಜೇಲಿ ಈ ಕಾರಿಗೇ ಕೈ ಮುಗೀತೀನಿ, ಇದಕ್ಕೆ ಮುಗಿದ್ರೆ ಏನಾಯ್ತು ಬುಡಿ ಅಮ್ಮ! ಆದ್ರೆ ನಾಳೆನೂ ಗವಸು ಹಾಕ್ಕೊಂಡೇ ಬನ್ನಿ. ಸೀಟು ಗಲೀಜಾಗಲ್ಲ."